ಹಳದಿ ಹಿಡಿಯ ಸ್ಕ್ರೂಡ್ರೈವರ್

ಚಿನ್ನದ ಗಣಿಯವರಿಗೆಂದು ಸಾಲಾಗಿ ಕಟ್ಟಿದ ನಂದಿದುರ್ಗದ ಲೈನ್ ಮನೆಗಳ ಚರಿತ್ರೆಯಲ್ಲಿ ಎರಡು ದೊಡ್ಡ ಘಟನೆಗಳಿವೆ. ಒಂದು, ಗಣಿ ಮುಚ್ಚಿದ್ದು. ಇನ್ನೊಂದು, ಮೊನ್ನೆ ಶುಕ್ರವಾರ ಬೆಳಗ್ಗೆ ಜಯರಾಮಪ್ಪನವರ ಮನೆಯ ಹಲಗೆಯ ಮೇಲಿಂದ ಹಳದಿ ಹಿಡಿಯ ಸ್ಕ್ರೂಡ್ರೈವರ್ ಕಾಣೆಯಾದದ್ದು. ಮೊದಲನೆಯದರ ಬಗ್ಗೆ ಜನ ಈಗಲೂ ಮಾತಾಡುತ್ತಾರೆ. ಎರಡನೆಯದರ ಬಗ್ಗೆ ಅವರ ಮಗ ರಾಜ್‌ಕುಮಾರ್ ಒಬ್ಬನೇ ಮಾತಾಡುತ್ತಿದ್ದ, ಆದರೆ ಇಡೀ ಲೈನಿಗೆ ಕೇಳಿಸುವಷ್ಟು.

ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಯುದ್ಧವಿಮಾನಗಳ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡಿ, ಸಾರ್ಜೆಂಟ್ ಆಗಿ ನಿವೃತ್ತನಾಗಿ ಊರಿಗೆ ಬಂದವನು ಈ ರಾಜ್‌ಕುಮಾರ್. ಊರಿನವರ ಪ್ರಕಾರ ಅವನು ಮೇಜರ್. ಇನ್ನು ಕೆಲವರ ಪ್ರಕಾರ ಪೈಲಟ್. ತಿದ್ದಿ ತಿದ್ದಿ ಸುಸ್ತಾಗಿ ಈಗೀಗ ಮೇಜರ್ ಎಂದು ಕರೆದರೂ ತಿರುಗಿ ನೋಡುತ್ತಿದ್ದ. ಬಂದ ಹೊಸದರಲ್ಲಿ ಜನ ಮಿಕ್ಸಿ, ಟಿವಿ ರಿಮೋಟು, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು, ಎಲ್ಲ ತಂದು ಅವನ ಜಗಲಿಯ ಮೇಲಿಟ್ಟರು. ಅವನು ಪ್ರತಿಯೊಂದಕ್ಕೂ "ಇದರ ಮ್ಯಾನುಯಲ್ ಎಲ್ಲಿ?" ಎಂದು ಕೇಳಿದ. ಮಿಕ್ಸಿಗೂ ಒಂದು ಪುಸ್ತಕವಿರುತ್ತದೆಂಬುದು ಲೈನಿನವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹೇಳದ ಒಂದು ತಿರುಪನ್ನೂ ಮುಟ್ಟಬಾರದೆಂಬುದು ವಿಮಾನದ ಕೆಲಸದ ಪಾಠ. ಅವನು ಮುಟ್ಟಲಿಲ್ಲ. "ಏರೋಪ್ಲೇನ್ ರಿಪೇರಿ ಮಾಡ್ತಿದ್ನಂತೆ, ಮಿಕ್ಸಿ ಬರಾಕಿಲ್ವಂತೆ" ಎಂಬ ಮಾತು ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯವರೆಗೂ ಹೋಯಿತು.

ಕೆಲಸ ಹುಡುಕಿದ್ದು ಇನ್ನೊಂದು ಪಾಡು. ಪ್ರಯಾಣಿಕರ ವಿಮಾನ ಮುಟ್ಟಲು ಬೇರೆ ಲೈಸೆನ್ಸ್ ಬೇಕು, ಅದಕ್ಕೆ ಮತ್ತೆ ಮೊದಲಿಂದ ಪರೀಕ್ಷೆ ಬರೆಯಬೇಕು. ಬೇರೆ ಕಡೆ ಹೋದರೆ, ಎದುರು ಕೂತವರು ಅವನ ಕಾಗದಗಳ ಮೇಲೆ ಕಣ್ಣಾಡಿಸಿ, ರಾಡಾರ್ ಎಂದಿದ್ದ ಕಡೆ ಒಂದು ಗಳಿಗೆ ಗೌರವದಿಂದ ನಿಂತು, ಆಮೇಲೆ ಮುಖ ಅರಳಿಸಿ, "ಎಕ್ಸ್ ಸರ್ವಿಸ್‌ಮನ್ ಅಲ್ವಾ? ಸೆಕ್ಯುರಿಟಿ ಇನ್‌ಚಾರ್ಜ್ ಪೋಸ್ಟ್ ಇದೆ" ಎನ್ನುತ್ತಿದ್ದರು. ಕಾಲೇಜಿಗೆ ಗೇಟಿತ್ತು, ಆಸ್ಪತ್ರೆಗೆ ಗೇಟಿತ್ತು, ಅಪಾರ್ಟ್‌ಮೆಂಟುಗಳಿಗಂತೂ ನಾಲ್ಕು ದಿಕ್ಕಿಗೂ ಇದ್ದವು. ಎಲ್ಲ ಗೇಟುಗಳೂ ಅವನಿಗಾಗಿಯೇ ಕಾದಿದ್ದಂತಿತ್ತು. "ಸತ್ರೂ ಗೇಟ್ ಕಾಯಲ್ಲ" ಎಂದು ಅವನು ಹೆಂಡತಿ ಆಶಾರಾಣಿಗೆ ಹೇಳಿದ. "ಸಾಯೋದ್ಯಾಕೆ, ಮನೇಲೇ ಇರಿ, ನಂಗೆ ಇನ್ನೂ ಅನುಕೂಲ" ಎಂದಳು ಆಶಾರಾಣಿ. ಅದು ಅನುಕೂಲದ ದನಿಯಲ್ಲಿರಲಿಲ್ಲ.

ಕೊನೆಗೆ ಕೈಗೆ ಹತ್ತಿದ್ದು ಬಂಗಾರಪೇಟೆ ಪಕ್ಕದ ಒಂದು ಖಾಸಗಿ ಹಾಲಿನ ಕೇಂದ್ರ. ಸುತ್ತಲ ಹಳ್ಳಿಗಳ ಹಾಲನ್ನು ತಂಪುಮಾಡಿ ಟ್ಯಾಂಕರ್‌ಗೆ ತುಂಬುವ ಜಾಗ. ಮಾಲೀಕ ಮುನಿನಾರಾಯಣಪ್ಪ, ಸ್ವಂತ ಹಸುಗಳಿಂದ ಶುರುಮಾಡಿ ಇಲ್ಲಿಗೆ ಬಂದವನು. ಕೂಲರ್ ಟ್ಯಾಂಕಿನ ಕರೆಂಟ್ ಪೆಟ್ಟಿಗೆ ಮೂರು ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. "ಒಂದ್ ವಾರ ನೋಡಪ್ಪ. ಸರಿಹೋದ್ರೆ ಮೆಷಿನ್ ಕೆಲ್ಸ ಎಲ್ಲಾ ನಿಂದೇ. ಏನೂಂತ ಶನಿವಾರ ಏಳ್ತೀನಿ" ಎಂದಿದ್ದ. ಈ ಪೆಟ್ಟಿಗೆಗೆ ಪುಸ್ತಕವಿತ್ತು. ರಾಜ್‌ಕುಮಾರ್ ಅದನ್ನು ಸೋಮವಾರದಿಂದ ಓದಿ, ಗುರುವಾರ ಪೆಟ್ಟಿಗೆ ಬಿಚ್ಚಿ, ಒಳಗಿನ ಸರ್ಕಿಟ್ ಕಾರ್ಡ್ ಬದಲಿಸಿದ. ಸಂಜೆಗೆ ಟ್ಯಾಂಕು ತಣ್ಣಗಾಯಿತು. ಅವನೂ ಎಷ್ಟೋ ತಿಂಗಳ ಮೇಲೆ ತಣ್ಣಗಾಗಿ, ಸಾಮಾನಿನ ಬ್ಯಾಗನ್ನು ಮನೆಯ ಮೂಲೆಯಲ್ಲಿಟ್ಟು, ಹಲಗೆಯ ಕಡೆ ನೋಡದೆ ಊಟಕ್ಕೆ ಕೂತ.

ಹಲಗೆಯ ವಿಷಯ ಹೇಳಬೇಕು. ನಡುಮನೆಯ ಗೋಡೆಗೆ ಅವನೊಂದು ಪ್ಲೈವುಡ್ ಹಲಗೆ ಹೊಡೆದು, ಒಂದೊಂದು ಸಾಮಾನಿನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದು, ಮೇಲೊಂದು ಮೊಳೆ ಹೊಡೆದಿದ್ದ. ಯಾವುದಿಲ್ಲವೋ ಅದರ ಕೆಂಪು ನೆರಳು ಎದ್ದು ಕಾಣಬೇಕು. ತೆಗೆದುಕೊಂಡವರು ಆ ಮೊಳೆಗೆ ತಮ್ಮ ಹೆಸರಿನ ಪ್ಲಾಸ್ಟಿಕ್ ಬಿಲ್ಲೆ ಹಾಕಬೇಕು. ವಾಯುಪಡೆಯಲ್ಲಿ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ವಿಮಾನ ಮೇಲೇಳುವುದಿಲ್ಲ. ಸಿಗುವ ತನಕ ಇಡೀ ಹ್ಯಾಂಗರ್ ಮಂಡಿಯೂರಿ ಹುಡುಕುತ್ತದೆ. ಇಲ್ಲಿ ಅಡುಗೆಮನೆಯ ಸೌಟುಗಳಿಗೂ ಅವನು ಇದೇ ಏರ್ಪಾಡು ಮಾಡಲು ಹೋದಾಗ ಆಶಾರಾಣಿ ಬಣ್ಣದ ಡಬ್ಬಿಯನ್ನು ಚರಂಡಿಗೆ ಸುರಿದಿದ್ದಳು.

ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಹಲಗೆಯ ಮೇಲೆ ಎಲ್ಲ ಇದೆ, ಹಳದಿ ಹಿಡಿಯದು ಮಾತ್ರ ಇಲ್ಲ. ಮೊಳೆಯೂ ಖಾಲಿ.

"ಬ್ಯಾಗಿಂದ ತೆಗ್ದು ಇಲ್ಲಿ ಯಾರು ನೇತಾಕಿದ್ದು?"

"ಮಾವ. ನೀವು ಮರ್ತು ಮಲಗಿದ್ರಿ, ಪಾಪ ಅಂತ ಅವ್ರೇ ಆಕಿದ್ರು" ಎಂದಳು ಆಶಾರಾಣಿ.

"ಅಪ್ಪ ಎಲ್ಲಿ?"

"ಮೊದ್ಲ ರೈಲಿಗೇ ಓದ್ರು, ಮುನಿಶಾಮಿ ಮನೇಗೆ." ಮುನಿಶಾಮಿ ಎಂದರೆ ಜಯರಾಮಪ್ಪನ ಗಣಿ ಕಾಲದ ಗೆಳೆಯ, ಈಗ ಬಂಗಾರಪೇಟೆಯಲ್ಲಿದ್ದಾನೆ. ಜಯರಾಮಪ್ಪನ ಫೋನು ಮಾತ್ರ ಇಲ್ಲೇ ಚಾರ್ಜಿಗಿತ್ತು.

ರಾಜ್‌ಕುಮಾರ್ ಬಿಲ್ಲೆಗಳ ಡಬ್ಬಿ ನೋಡಿದ. ಅಪ್ಪನ ಬಿಲ್ಲೆ ಅದರಲ್ಲೇ ಇತ್ತು. ಅಪ್ಪ ತೆಗೆದುಕೊಂಡಿದ್ದರೆ ಬಿಲ್ಲೆ ಮೊಳೆಯಲ್ಲಿರಬೇಕು. ಮೊಳೆಯಲ್ಲಿಲ್ಲ, ಆದ್ದರಿಂದ ಅಪ್ಪ ತೆಗೆದುಕೊಂಡಿಲ್ಲ. ಹಾಗಾದರೆ ಸ್ಕ್ರೂಡ್ರೈವರ್ ಮನೆಗೇ ಬಂದಿಲ್ಲ. ಬಂದಿಲ್ಲವೆಂದರೆ ಅದು ಕೂಲರಿನ ಪೆಟ್ಟಿಗೆಯೊಳಗೆ, ಹರಿಯುವ ಕರೆಂಟಿನ ನಡುವೆ ಬಿದ್ದಿದೆ. ಇಪ್ಪತ್ತು ವರ್ಷದ ತರಬೇತಿ ಅವನನ್ನು ಎಲ್ಲೂ ಎಡವದಂತೆ ಇಲ್ಲಿಗೆ ತಂದು ನಿಲ್ಲಿಸಿತು. ಅವನ ತಾಯಿ ಮುನಿಗಂಗಮ್ಮ ಬಾಗಿಲಲ್ಲಿ ಕೂತು ದೇವರ ಸಾಮಾನು ತಿಕ್ಕುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅವನು ಹಾಲಿನ ಕೇಂದ್ರದ ಮ್ಯಾನೇಜರ್ ವೇಣುವಿಗೆ ಫೋನ್ ಮಾಡಿದ. "ವೇಣು, ಕೂಲರ್ ಆಫ್ ಮಾಡು. ಮೇನ್ ಸ್ವಿಚ್ಚೇ ತೆಗಿ."

"ಯಾಕ್ ಸಾರ್? ಚೆನ್ನಾಗ್ ಓಡ್ತೈತೆ."

"ಒಳಗೆ ನನ್ನ ಸ್ಕ್ರೂಡ್ರೈವರ್ ಇರಬೋದು."

"ಇರ್ಲಿ ಬಿಡಿ ಸಾರ್. ಸಾಯಂಕಾಲ ತಗಳಿ."

"ಆಫ್ ಮಾಡು ಅಂದೆ."

ಬೈಕಿನಲ್ಲಿ ಅವನು ಅಲ್ಲಿ ತಲುಪುವ ಹೊತ್ತಿಗೆ ಬೆಳಗಿನ ಹಾಲೆಲ್ಲ ಬಂದು ಬಿಸಿಲಿಗೆ ನಿಂತಿತ್ತು. ವೇಣು ಪಕ್ಕದೂರಿನ ಕೇಂದ್ರದವರಿಗೆ ಫೋನಿನಲ್ಲಿ ತೆಲುಗಿನಲ್ಲಿ ಬೇಡಿಕೊಂಡು, ಸಿಕ್ಕ ಆಟೋಗಳಿಗೆ ಕ್ಯಾನು ಹೇರುತ್ತಿದ್ದ. ರಾಜ್‌ಕುಮಾರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಒಳಗೆ ತಲೆ ಹಾಕಿದ.

ಕ್ಯಾನಿನ ಮೇಲೆ ಕೂತಿದ್ದ ಕದಿರಮ್ಮ, ಎರಡು ಹಸು ಕಟ್ಟಿಕೊಂಡಿದ್ದ ಹೆಂಗಸು, ಕೇಳಿದಳು: "ಏನ್ ವೇಣು, ಯಾರಿದು ಪೆಟ್ಟಿಗೇಲಿ?"

"ಮೇಜರ್ ಸಾರು. ಏರೋಪ್ಲೇನ್ ರಿಪೇರಿಯವ್ರು."

"ಅಂಗಾರೆ ಇವತ್ತು ಆಲು ಮೇಲಕ್ಕೆ ಆರೋಗ್ತದೆ ಬಿಡು."

ವೇಣು ನಗಲಿಲ್ಲ. "ಸಾರ್, ಇಷ್ಟು ದಿನ ಬತ್ತಿದ್ದ ಮೆಕ್ಯಾನಿಕ್ಕು ಒಳಗೆ ಬೀಡಿ ಕಟ್ಟು ಬಿಟ್ಟೋಗಿದ್ದ, ಮೆಷಿನ್ ಆರ್ ತಿಂಗ್ಳು ಓಡ್ತು."

"ಅದು ಬೀಡಿ. ಇದು ಕಬ್ಬಿಣ."

"ಕಬ್ಬಿಣ ಅಂದ್ರೆ ಇನ್ನೂ ಗಟ್ಟಿ ಅಲ್ವಾ ಸಾರ್."

ರಾಜ್‌ಕುಮಾರ್ ತಂತಿಗಳ ಹಿಂದೆ, ಪೆಟ್ಟಿಗೆಯ ತಳದಲ್ಲಿ, ಟ್ಯಾಂಕಿನ ಅಡಿಯಲ್ಲಿ ಹುಡುಕಿದ. ಒಂದು ಸತ್ತ ಹಲ್ಲಿ ಸಿಕ್ಕಿತು. ಮಂಡಿಯೂರಿ ಮತ್ತೊಮ್ಮೆ ಹುಡುಕಿದ. ಹ್ಯಾಂಗರಿನಲ್ಲಿ ಜೊತೆಗೆ ಮಂಡಿಯೂರಲು ಇಡೀ ತಂಡ ಇರುತ್ತಿತ್ತು. ಇಲ್ಲಿ ಮಂಡಿಯೂರಿದವನು ಅವನೊಬ್ಬ, ಸುತ್ತ ನಿಂತು ಸಲಹೆ ಕೊಡುವವರು ಹತ್ತಾರು ಜನ. ಅಷ್ಟರಲ್ಲಿ ಮುನಿನಾರಾಯಣಪ್ಪನ ಜೀಪು ಬಂತು. ಅವನು ಇಳಿದು, ನಿಂತ ಟ್ಯಾಂಕನ್ನೂ, ಓಡುವ ಆಟೋಗಳನ್ನೂ, ಟ್ಯಾಂಕಿನ ಅಡಿಯಿಂದ ಹೊರಗೆ ಚಾಚಿದ್ದ ರಾಜ್‌ಕುಮಾರನ ಕಾಲುಗಳನ್ನೂ ನೋಡಿದ. ಶನಿವಾರದ ತೀರ್ಮಾನ ಒಂದು ದಿನ ಮುಂಚೆಯೇ ಆಗಿಹೋಯಿತೆಂದು ರಾಜ್‌ಕುಮಾರನಿಗೆ ಆ ಕಾಲುಗಳಲ್ಲೇ ತಿಳಿಯಿತು.

ಜೀಪಿನ ಹಿಂದಿನ ಸೀಟಿನಿಂದ ಜಯರಾಮಪ್ಪ ಇಳಿದರು.

"ಸ್ಟೇಷನ್ ತಾವ ಟೀ ಅಂಗ್ಡೀಲಿ ಸಿಕ್ರು. ಮಿಲ್ಟ್ರಿಯವ್ನು ಮೆಷಿನ್ ನಿಲ್ಸವ್ನಂತೆ ಅಂತ ಅಲ್ಲೆಲ್ಲ ಮಾತಾಡ್ತಾವ್ರೆ, ಕರ್ಕೊಂಡ್ ಬಂದೆ" ಎಂದ ಮುನಿನಾರಾಯಣಪ್ಪ.

ಜಯರಾಮಪ್ಪನ ಅಂಗಿಯ ಜೇಬಿನಲ್ಲಿ, ಕನ್ನಡಕದ ಪಕ್ಕದಲ್ಲಿ, ಒಂದು ಹಳದಿ ಹಿಡಿ ಇಣುಕುತ್ತಿತ್ತು.

ರಾಜ್‌ಕುಮಾರ್ ಎದ್ದು ನಿಂತ. "ಅಪ್ಪ, ಅದೇನು?"

"ಇದಾ? ಮುನಿಶಾಮಿ ರೇಡಿಯೋ ಕೆಟ್ಟಿತ್ತು ಕಣ್ಲಾ. ನೀನಂತೂ ಬಿಚ್ಚಾಕಿಲ್ಲ, ಬುಕ್ಕು ಕೇಳ್ತೀಯಾ. ಏರೋಪ್ಲೇನ್ ಸ್ಕ್ರೂಡ್ರೈವರ್ ತತ್ತೀನಿ ಇರ್ಲಾ ಅಂದಿದ್ದೆ."

"ಅದು ಬಂಗಾರಪೇಟೆ ಹಾರ್ಡ್‌ವೇರ್ ಅಂಗಡೀಲಿ ತಂದಿದ್ದು."

"ಅವ್ನಿಗೆ ಗೊತ್ತಿಲ್ವಲ್ಲ."

"ತಗೊಂಡ್ರೆ ಬಿಲ್ಲೆ ಹಾಕ್ಬೇಕು ಅಂತ ಎಷ್ಟು ಸಲ ಹೇಳಿದೀನಿ?"

ಜಯರಾಮಪ್ಪನ ಮುಖ ಮೊದಲ ಸಲ ಗಂಭೀರವಾಯಿತು. ಅವರು ಗಣಿಯ ಟೈಮ್ ಆಫೀಸಿನಲ್ಲಿ, ಕೆಳಗಿಳಿಯುವ ಒಬ್ಬೊಬ್ಬನಿಗೂ ಹಿತ್ತಾಳೆ ಬಿಲ್ಲೆ ಕೊಟ್ಟು, ಮೇಲೆ ಬಂದಾಗ ವಾಪಸ್ ಎಣಿಸಿಕೊಂಡು ಬದುಕಿದವರು. ಒಂದು ಮೊಳೆ ಖಾಲಿಯಿದ್ದರೆ ಕೆಳಗೆ ಒಬ್ಬ ಉಳಿದಿದ್ದಾನೆಂದು ಅರ್ಥ. "ಬಿಲ್ಲೆ ವಿಷ್ಯ ನಂಗೇಳ್ತೀಯೇನ್ಲಾ? ಆಕಿದೀನಿ. ನಿನ್ ಪ್ಲಾಸ್ಟಿಕ್ಕಿಂದಲ್ಲ. ನನ್ ಬಿಲ್ಲೆ, ಇತ್ತಾಳೇದು, ನಂಬರ್ ಐತೆ."

ರಾಜ್‌ಕುಮಾರ್ ಮನೆಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಇಟ್ಟ. "ಅಮ್ಮ, ಹಲಗೆ ಮೇಲೆ ಹಿತ್ತಾಳೆ ಬಿಲ್ಲೆ ಇತ್ತಾ?"

"ಇತ್ತಪ್ಪ. ಕಪ್ಪಿಟ್ಟೋಗಿತ್ತು. ಶುಕ್ರವಾರ ಅಲ್ವಾ, ಉಣ್ಸೇಣ್ಣು ಆಕಿ ತಿಕ್ಕಿ ದೇವ್ರ ಮುಂದೆ ಮಡಗಿವ್ನಿ. ಪಳಪಳ ಅಂತೈತೆ."

"ನಾನು ಅಷ್ಟು ಕೂಗಾಡ್ವಾಗ ಹೇಳ್ಬಾರ್ದಿತ್ತಾ?"

"ನೀನು ಸ್ಕ್ರೂಡ್ರೈವರ್ ಕೇಳ್ದೆ. ಬಿಲ್ಲೆ ಎಲ್ಲಿ ಕೇಳ್ದೆ?"

ಕದಿರಮ್ಮ ಕ್ಯಾನಿನ ಮೇಲಿಂದ "ಅದೂ ನಿಜ" ಎಂದಳು.

ಮುನಿನಾರಾಯಣಪ್ಪ ಸ್ಕ್ರೂಡ್ರೈವರನ್ನು ಜಯರಾಮಪ್ಪನ ಜೇಬಿನಿಂದ ತೆಗೆದು, ಅಂಥದ್ದೇನೂ ಅದರಲ್ಲಿ ಕಾಣದೆ, ರಾಜ್‌ಕುಮಾರನ ಕೈಗೆ ಕೊಟ್ಟ. "ಇಷ್ಟ್ ಜನ ಮೆಕ್ಯಾನಿಕ್ ಬಂದೋದ್ರು. ಏನೋ ಬಿಟ್ಟೋಗಿವ್ನಿ ಅಂತ ಒಬ್ನೂ ಫೋನ್ ಮಾಡ್ದೋನಲ್ಲ."

"ಇವ್ರೂ ಬಿಟ್ಟೋಗಿರ್ಲಿಲ್ವಲ್ಲಣ್ಣ" ಎಂದ ವೇಣು.

"ಅದೇ ಬೇಜಾರು" ಎಂದ ಮುನಿನಾರಾಯಣಪ್ಪ. "ರೇಡಿಯೋ ಸರಿಹೋಯ್ತಾ ಯಜಮಾನ್ರೇ?"

"ಇಲ್ಲ" ಎಂದರು ಜಯರಾಮಪ್ಪ.

"ಅಂಗಾರೆ ಬುಕ್ಕು ಕೇಳೋನೇ ವಾಸಿ, ಮೆಷಿನ್ ಕೆಲ್ಸ ಮಗನ್ಗೇ ಕೊಡ್ತೀನಿ." ಆಮೇಲೆ ರಾಜ್‌ಕುಮಾರನ ಕಡೆ ತಿರುಗಿದ. "ನೋಡಪ್ಪ, ನೀನ್ ರಿಪೇರಿ ಮಾಡಿದ್ಮೇಲೆ ಇದು ದಿನಾ ಕೆಡಾಕಿಲ್ಲ. ಮಧ್ಯಾಹ್ನದ್ ಮೇಲೆ ನೀನ್ ಸುಮ್ನೆ ಕೂತ್ಕಂಡ್ರೆ ಇನ್ನೇನಾದ್ರೂ ಉಡುಕ್ತೀಯಾ. ಎಂಗೂ ಮಿಲ್ಟ್ರಿ ಮನುಷ್ಯ."

ರಾಜ್‌ಕುಮಾರನಿಗೆ ಮುಂದಿನ ಮಾತು ಗೊತ್ತಿತ್ತು. ಆದರೂ ಅದು ಬಂದೇ ಬಂತು. ಅವನು ಅಪ್ಪನನ್ನು ನೋಡಿದ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವನು ಮೇನ್ ಸ್ವಿಚ್ ಹಾಕಿದ, ಟ್ಯಾಂಕು ಗುಂಯ್‌ಗುಟ್ಟಿತು.

ಸೋಮವಾರ ರಾಜ್‌ಕುಮಾರ್ ಕೆಲಸಕ್ಕೆ ಸೇರಿದ. ಬೆಳಗ್ಗೆ ಮೆಷಿನ್ನು, ಮಧ್ಯಾಹ್ನದ ಮೇಲೆ ಗೇಟು.