ಕರಿದಕ್ಕೆ ಎದ್ದ ಕೈಗಳು

ಕರಿ ಟ್ಯಾಬಿಗೆ ಇಪ್ಪತ್ತಮೂರು ಕೈ ಎದ್ದವು, ಬಿಳಿದಕ್ಕೆ ಒಂದೇ ಒಂದು. ಆ ಒಂದು ಯಶೋದಳದು. ರಾಮಾಪುರದ ಪಕ್ಕದ ಆ ಸಣ್ಣ ಊರಿನ ಹೆಂಗಸರ ಹಾಲಿನ ಸಂಘಕ್ಕೆ ಅವಳು ಕಾರ್ಯದರ್ಶಿ, ಅವಳ ಅತ್ತೆ ಪುಟ್ಟಗೌರಮ್ಮ ಅಧ್ಯಕ್ಷೆ. ಅತ್ತೆಯ ಕೈಯೂ ಕರಿದಕ್ಕೇ ಎದ್ದದ್ದು ಕಂಡು ಯಶೋದ, ಏನೋ ಮಸಲತ್ತು ನಡೆದಿದೆ ಎಂದುಕೊಂಡಳು.

ಯಾರ ಮನೆಯಿಂದ ಯಾವ ಹಾಲು ಬಂತೆಂದು ಬರೆದಿಡಲು ಇಬ್ಬರು ಮಾರಾಟಗಾರರು ಒಂದೊಂದು ಟ್ಯಾಬ್ ಕೊಟ್ಟು, ತಿಂಗಳು ಬಳಸಿ ನೋಡಿ, ಮೆಚ್ಚಿದ್ದನ್ನು ಕೊಳ್ಳಿ ಎಂದಿದ್ದರು. ಬಿಳಿದು ರೊಟ್ಟಿಯಷ್ಟು ತೆಳ್ಳಗಿತ್ತು. ಬಿಸಿಲಲ್ಲೂ ಅಕ್ಷರ ಕಾಣುತ್ತಿತ್ತು, ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಬರುತ್ತಿತ್ತು. ಕೈ ಒದ್ದೆಯಿದ್ದರೂ ಚಿಂತೆಯಿಲ್ಲ, ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತಿತ್ತು. ಕರಿದೋ, ಬರೀ ಇಟ್ಟಿಗೆ. ಮಧ್ಯಾಹ್ನವಾಗುವ ಮೊದಲೇ ಉಸಿರು ಬಿಡುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಹಸುವಿನ ಚಿತ್ರವನ್ನೋ ಎಮ್ಮೆಯದನ್ನೋ ಒತ್ತಬೇಕು, ಅದೂ ಎರಡೆರಡು ಸಲ. ಕಣ್ಣಿದ್ದವರು ಇದನ್ನು ಆರಿಸುತ್ತಾರೆಯೇ?

ಕರಿದನ್ನು ತಂದವನು ಕೊಳ್ಳೇಗಾಲದ ಚಿನ್ನಸ್ವಾಮಿ. ಮಾತಿನ ಮಲ್ಲ. ಯಶೋದ ಹನೂರಿಗೆ ಹೋದ ದಿನಗಳಲ್ಲೇ ಅವನ ಬೈಕು ಇವರ ಮನೆ ಮುಂದೆ ನಿಂತಿತ್ತಂತೆ, ಕೈಯಲ್ಲೊಂದು ಬಟ್ಟೆಯ ಚೀಲವಿತ್ತಂತೆ. ಕೊಳ್ಳೇಗಾಲದಿಂದ ಬರುವ ಚೀಲದಲ್ಲಿ ರೇಷ್ಮೆ ಸೀರೆಯಲ್ಲದೆ ಇನ್ನೇನಿರುತ್ತದೆ? ಅವಳು ಡೈರಿಗೆ ಕಾಲಿಟ್ಟರೆ ಸಾಕು, ಹೆಂಗಸರ ಮಾತು ತಟ್ಟನೆ ನಿಲ್ಲುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಯಶೋದಳಿಗೆ ಮಾತ್ರ ತನ್ನ ಕಣ್ಣು ಚೆನ್ನಾಗಿಯೇ ಇದೆ ಅನ್ನಿಸಿತ್ತು.

ಮರುದಿನ ಬೆಳಗ್ಗೆ, ಎಲ್ಲರೂ ಹಾಲು ತಂದು ನಿಂತಿದ್ದಾಗ, ಕೇಳಿಯೇಬಿಟ್ಟಳು.

"ಅತ್ತೆ, ಆ ಚಿನ್ನಸ್ವಾಮಿ ನಿಮಗೆ ಎಂಥ ಸೀರೆ ಕೊಟ್ಟ?"

ಪುಟ್ಟಗೌರಮ್ಮನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮೂವತ್ತು ವರ್ಷ ಊರಲ್ಲಿ ಒಂದು ಮಾತು ಅನ್ನಿಸಿಕೊಂಡವಳಲ್ಲ. "ಆ ಬಿಳೀದ ಮಡಗು ಇಲ್ಲಿ" ಎಂದಳು. ಹನ್ನೆರಡನೇ ನಂಬರಿನ ಸದಸ್ಯೆ ಮಾದೇವಮ್ಮನನ್ನು ಕರೆದು, "ಯೋಳವ್ವ, ದಿನಾ ಯೋಳಂಗೆ" ಎಂದಳು.

"ಅನ್ನೆಲ್ಡು. ಅಸೀನ ಆಲು," ಎಂದಳು ಮಾದೇವಮ್ಮ.

"ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಮಾತನಾಡಿ," ಎಂದಿತು ಟ್ಯಾಬು.

ಮಾದೇವಮ್ಮ ಕೂಗಿ ಹೇಳಿದಳು. ಅದು ಮತ್ತೆ ಅದನ್ನೇ ಅಂದಿತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಹಾಗಲ್ಲ ಮಾದೇವಕ್ಕ, ಹ... ಹನ್ನೆರಡು, ಹಸುವಿನ ಹಾಲು ಅನ್ನಿ," ಎಂದುಬಿಟ್ಟಳು ಯಶೋದ. ತಿಂಗಳಿನಿಂದ ಹಾಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಟ್ಯಾಬು ಟಕ್ಕನೆ ಬರೆದುಕೊಂಡಿತು.

"ನೋಡ್ದಾ?" ಎಂದಳು ಪುಟ್ಟಗೌರಮ್ಮ. "ಅದು ನಿನ್ ಮಾತ್ನೇ ಕೇಳಾದು. ನಾವ್ ಯೋಳದು, ಅದು ಆಗಾಕಿಲ್ಲ ಅನ್ನಾದು, ನೀನು ತಿದ್ದಾದು. ಉಟ್ದಾಗಿಂದ ಆಲು ಕರ್ದೋರು ಆಲು ಅನ್ನಾಕೆ ಬರಾಕಿಲ್ಲ ಅಂತ ದಿನಾ ಬೆಳಗ್ಗೆದ್ದು ಅನ್ನಿಸ್ಕಬೇಕಾ? ಕರೀದು ಮೂಗಿ ಕಣವ್ವ, ಒತ್ತುದ್ರೆ ಸುಮ್ಕೆ ಬರ್ಕತದೆ. ಅದ್ರಗಿದ್ದ ಚಿತ್ರದ ಅಸೀಗೆ ಕೊಂಬಿರ್ನಿಲ್ಲ. ಇದ್ಯಾವ್ ಸೀಮೆ ಅಸ ಅಂದೊ. ಅವ್ನು ಚೀಲ್ದಲ್ಲಿ ಆಕ್ಕಂಡೋಗಿ ಕೊಂಬು ಬರುಸ್ಕಂಡು ತಂದ."

"ನನಗೆ ಯಾಕೆ ಹೇಳಲಿಲ್ಲ ಅತ್ತೆ?"

"ನೀನೇ ಮೆಚ್ಚಿ ಇಡ್ಕಂಡಿದ್ದೆ. ನೊಂದ್ಕತೀಯ ಅಂತ ಎಲ್ರೂ ಬಾಯಿ ಮುಚ್ಕಂಡೊ."

ಯಶೋದ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ತಪ್ಪಾಯ್ತು ಅನ್ನಲು ನೋಡಿದಳು.

"ನನ್ ಕಿವೀಲಲ್ಲ," ಎಂದಳು ಪುಟ್ಟಗೌರಮ್ಮ. "ಸೀರೆ ಮಾತ ಇವ್ರ ಮುಂದೆ ಆಡ್ದೆ. ಇದ್ನೂ ಇವ್ರ ಮುಂದೆ ಯೋಳು."

ಯಶೋದ ತಿರುಗಿ ನಿಂತಳು. ಅರ್ಧ ಮಾತು ಒಳಗೇ ಉಳಿಯಿತು, ಉಳಿದರ್ಧ ಅಳುವಿನಲ್ಲಿ ಕಲಸಿಹೋಯಿತು.

"ಬುಡವ್ವ, ನಮ್ಗರ್ತಾಯ್ತು," ಎಂದಳು ಮಾದೇವಮ್ಮ.

ಅತ್ತೆ ಮಾತ್ರ ಅವಳತ್ತ ನೋಡದೆ, ಸೆರಗಿಗೆ ಕೈ ಒರೆಸಿಕೊಂಡು ಕರಿದರ ಹಸುವನ್ನು ಎರಡು ಸಲ ಒತ್ತಿದಳು.