ಮೂರಡಿ ತೋಟ

ಹಾರೋಹಳ್ಳಿಯಲ್ಲಿ ಬಾಲರಾಜು ಕಟ್ಟಿಸಿದ ಮನೆಗೂ ಅದರ ಎದೆಮಟ್ಟದ ಕಾಂಪೌಂಡಿಗೂ ನಡುವೆ ಮೂರಡಿ ಅಗಲದ ಮಣ್ಣು ಉಳಿದಿತ್ತು. ಹೆಂಡತಿ ರಾಧಾಮಣಿ ಅದನ್ನು ಗಾರ್ಡನ್ ಅಂದಳು. ಉಯ್ಯಂಬಳ್ಳಿಯಿಂದ ಬಂದು ಜೊತೆಗಿದ್ದ ಅವನ ತಾಯಿ ಕೆಂಚಮ್ಮ ಒಮ್ಮೆ ನೋಡಿ, "ಇದ್ರಲ್ಲಿ ನಮ್ಮೆಮ್ಮೆ ಮನಗಿದ್ರೆ ಬಾಲ ರೋಡ್ಗೆ ಬತ್ತದೆ" ಅಂದಳು.

ಆದರೂ ಮೊದಲ ಗಿಡ ನೆಟ್ಟವಳು ಅವ್ವನೇ. ಊರಿಂದ ಕಣಗಿಲೆ ಕಡ್ಡಿ ತಂದು ಗೇಟಿನ ಪಕ್ಕ ಊರಿದಳು. ಅದು ಹೊಲದ ಬದುವಿನ ಗಿಡ. ಮೂರಡಿಯ ಲೆಕ್ಕ ಅದಕ್ಕೆ ಗೊತ್ತಿರಲಿಲ್ಲ. ಕಿಟಕಿ ಮುಚ್ಚಿತು, ಕರೆಂಟ್ ವೈರು ಮುಟ್ಟಿತು, ಗ್ಯಾಸ್ ಸಿಲಿಂಡರ್ ತಂದವನ ಕೆನ್ನೆಗೆ ಹೊಡೆಯಿತು. ಅತ್ತೆ ಮಾಗಡಿಗೆ ಮದುವೆಗೆ ಹೋಗಿದ್ದಾಗ ರಾಧಾಮಣಿ ಅದನ್ನು ಬುಡಸಮೇತ ಕೀಳಿಸಿದಳು.

ವಾಪಸು ಬಂದ ಕೆಂಚಮ್ಮ ಗುಂಡಿ ನೋಡಿದಳು, ಒಳಗೆ ಹೋದಳು, ಸೊಸೆಯ ಜೊತೆ ಮಾತು ಬಿಟ್ಟಳು. ಆಮೇಲೆ ಏನಿದ್ದರೂ ಬಾಲರಾಜುವಿನ ಮೂಲಕ.

"ಉಪ್ಪು ಕಮ್ಮಿ ಆಗೈತೆ ಅಂತ ಹೇಳಪ್ಪ."

"ಡಾಕ್ಟ್ರು ಹೇಳವ್ರೆ ಅಂತ ಹೇಳ್ರೀ."

ಇಬ್ಬರಿಗೂ ಆಗಲೇ ಕೇಳಿಸಿದ್ದನ್ನು ಬಾಲರಾಜು ಇನ್ನೊಮ್ಮೆ ಹೇಳುತ್ತಿದ್ದ. ಫ್ಯಾಕ್ಟರಿಯಲ್ಲೂ ಅವನು ಸೂಪರ್‌ವೈಸರ್, ಕಷ್ಟವಾಗಲಿಲ್ಲ.

ಒಂದು ಭಾನುವಾರ ಇಬ್ಬರನ್ನೂ ಕನಕಪುರ ರಸ್ತೆಯ ನರ್ಸರಿಗೆ ಕರೆದುಕೊಂಡು ಹೋದ. ಸೊಂಟದೆತ್ತರ ಮೀರದೆ ಹೂ ಬಿಡುವ ಗಿಡ ಬೇಕು ಅಂದ. ನರ್ಸರಿಯ ವಹಾಬ್ ಯಾವ ಗಿಡ ತೋರಿಸಿದರೂ, "ಇದು ಬೆಳೆಯೋದೇ ಇಲ್ಲ ಸಾರ್" ಅಂದ. ರಾಧಾಮಣಿ ಕುಳ್ಳ ಜಾತಿಯ ಕೆಂಪು ಇಕ್ಸೋರ ಎತ್ತಿಕೊಂಡಳು. ಅವ್ವ ಕನಕಾಂಬರ ಎತ್ತಿಕೊಂಡಳು.

"ಮುಡಿಯಕ್ಕಾಗದ ಹೂ ಯಾಕೆ ಅಂತ ಕೇಳಪ್ಪ."

"ನೋಡಕ್ಕೆ ಅಂತ ಹೇಳ್ರೀ."

ಬಾಲರಾಜು ಎರಡನ್ನೂ ಕೊಂಡ. ಗೇಟಿನ ಬಲಕ್ಕೆ ಇಕ್ಸೋರ, ಎಡಕ್ಕೆ ಕನಕಾಂಬರ. ನೀರು ಹಾಕುವ ಚೊಂಬೂ ಬೇರೆ ಬೇರೆ.

ಗಿಡಗಳು ನೆಟ್ಟಗೆ, ಕುಳ್ಳಗೆ ಬಂದು ಹೂ ಬಿಟ್ಟವು. ಬಿಟ್ಟ ಹೂ ಬೆಳಕು ಹರಿಯುವಷ್ಟರಲ್ಲಿ ಮಾಯವಾಗತೊಡಗಿತು, ಎರಡೂ ಕಡೆ. ಅವ್ವ ಸೊಸೆಯ ಮೇಲೆ ಗುಮಾನಿಪಟ್ಟಳು, ಸೊಸೆ ಅತ್ತೆಯ ಮೇಲೆ. ಇಬ್ಬರೂ ಬಾಲರಾಜುವಿಗೆ ಹೇಳಿದರು. ಈ ಸಲ ಅವನು ಯಾರಿಗೂ ತಲುಪಿಸಲಿಲ್ಲ.

ಒಂದು ಮುಂಜಾನೆ ಕೆಂಚಮ್ಮ ಕಿಟಕಿಯಿಂದ ನೋಡುತ್ತಾಳೆ: ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಮುನಿಶಾಮಯ್ಯ, ವಾಕಿಂಗ್ ಶೂ ಹಾಕಿಕೊಂಡು, ಕಾಂಪೌಂಡಿನ ಮೇಲಿಂದ ಕೈ ಇಳಿಬಿಟ್ಟು ಪ್ಲಾಸ್ಟಿಕ್ ಕವರಿಗೆ ಹೂ ತುಂಬುತ್ತಿದ್ದಾರೆ.

"ರಾಧಾ, ಬಾರೇ ಇಲ್ಲಿ! ಕಳ್ಳ ಸಿಕ್ಬುಟ್ಟ!"

ಬಾಲರಾಜು ಪಕ್ಕದಲ್ಲೇ ಇದ್ದ. ಇದನ್ನು ತಾನು ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಹೆಂಡತಿ ಪೊರಕೆ ಸಮೇತ ಗೇಟಿನಲ್ಲಿದ್ದಳು. ಹಿಂದೆಯೇ ಅವ್ವ.

"ದೇವ್ರಿಗಮ್ಮ," ಅಂದರು ಮೇಷ್ಟ್ರು, ಕವರನ್ನು ಎದೆಗೊತ್ತಿಕೊಂಡು.

"ದೇವ್ರಿಗೆ ನಮ್ಮನೆ ಗೊತ್ತೈತೆ ಸ್ವಾಮಿ," ಅಂದಳು ಕೆಂಚಮ್ಮ. "ಬೇಕಾದ್ರೆ ಅವ್ನೇ ಬತ್ತಾನೆ. ನೀವ್ಯಾಕೆ ನಡುವ್ಲಿ ಕಷ್ಟ ಬೀಳ್ತೀರಾ?"

"ಅತ್ತೆ, ಕವರ್ ಇಸ್ಕೊಳ್ಳಿ," ಅಂದಳು ರಾಧಾಮಣಿ.

ಅತ್ತೆ ಇಸ್ಕೊಂಡಳು.

ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೂ ಬೇರ್ಪಡಿಸಿದರು. ಇವರದಲ್ಲದ ನಂದಿಬಟ್ಟಲೂ ಅದರಲ್ಲಿತ್ತು. ಅದು ಪಕ್ಕದ ಮನೆ ಮೆಹ್ರೀನಳದ್ದು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಆ ಗಿಡ ಕುಂಡದಲ್ಲೇ ಹೆಂಗೆ ಕುಳ್ಳಗೆ ಕೂತೈತೆ ನೋಡು. ಹೂ ವಾಪಸ್ ಕೊಟ್ಟು ಒಂದ್ ಕಡ್ಡಿ ಕೇಳುವಾ," ಅಂದಳು ಅವ್ವ.

"ಎರಡು ಕೇಳಣ ಅತ್ತೆ. ಒಂದು ಒಣಗಿದ್ರೆ?"

ತಿಂಡಿ ಏನು ಎಂದು ಬಾಲರಾಜು ಬಾಗಿಲಿಂದ ಕೇಳಿದ. ಯಾರೂ ತಿರುಗಿ ನೋಡಲಿಲ್ಲ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅವತ್ತು ಇಡ್ಲಿ ಇತ್ತು.