ಒಂದೇ ಮುದ್ದೆ

"ದಿನಾ ಬೂದಿಕೋಟೆಯಿಂದ ಬಂಗಾರಪೇಟೆಗೆ ಓಡಾಡಿ ಸಾಯ್ತೀನಿ, ನಂದು ಕೂತ್ಕಂಡ್ ಮಾಡೋ ಕೆಲ್ಸಾನಾ?" ನನ್ನ ಗಂಡ ಮುನಿರಾಜ್ ರೇಗಿದರು.

"ಓಡೋದು ಆಟೋ ಕಣ್ರೀ, ನೀವಲ್ಲ," ಎಂದು ನಾನು ಊಟದ ಲೆಕ್ಕ ಹೇಳುವ ಫೋನಿನ ಆ್ಯಪಿನಲ್ಲಿ 'ಕೂತು ಮಾಡುವ ಕೆಲಸ' ಎಂಬುದನ್ನೇ ಒತ್ತಿದೆ.

ಇವರಿಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಒಂದು ತಿಂಗಳಲ್ಲಿ ತೂಕ ಇಳಿಯದಿದ್ದರೆ ಮಾತ್ರೆಯೇ ಗತಿ ಎಂದಿದ್ದರು ಡಾಕ್ಟರು. ಇದೇ ಕಾಯಿಲೆಗೆ ನಮ್ಮಪ್ಪ ಕಾಲು ಕಳೆದುಕೊಂಡದ್ದನ್ನು ಕಂಡವಳು ನಾನು. ಹೆದರಿಕೆಗೆ ನಿದ್ದೆ ಬರುತ್ತಿರಲಿಲ್ಲ. ಬಟ್ಟೆ ಹೊಲಿಯುವವಳ ಕುತ್ತಿಗೆಯಲ್ಲಿ ಟೇಪು ಇದ್ದೇ ಇರುತ್ತದಲ್ಲ, ಅದರಲ್ಲೇ ಅವರ ಸೊಂಟ, ಕತ್ತು ಅಳೆದು, ಎತ್ತರ, ತೂಕ, ವಯಸ್ಸು ಎಲ್ಲಾ ಹಾಕಿದೆ. ಮೈಯಲ್ಲಿ ಕೊಬ್ಬೆಷ್ಟು ಎಂದು ತೋರಿಸಿ, ತೂಕ ಇಳಿಯಲು ದಿನಕ್ಕೆ ಸಾವಿರದ ಏಳ್ನೂರು ಕ್ಯಾಲೊರಿ ಸಾಕು ಎಂದಿತು ಫೋನು.

"ಅದ್ರಲ್ಲಿ ಮುದ್ದೆ ಎಷ್ಟಮ್ಮ?" ಅತ್ತೆ ಪಾಪಕ್ಕ ಕೇಳಿದರು.

"ಊಟಕ್ಕೊಂದೇ ಅತ್ತೆ. ಇನ್ಮೇಲೆ ಎರಡಿಲ್ಲ."

ಅವತ್ತಿನಿಂದ ಮೂವರಿಗೆ ಮೂರು ಮುದ್ದೆಯಾಗುವಷ್ಟೇ ಹಿಟ್ಟು ಅಳೆದು ಕೊಟ್ಟೆ. ಮುದ್ದೆ ಕಟ್ಟಿ ಬಡಿಸುವುದು ಅತ್ತೆಯೇ. ನಾನು ಹೊಲಿಗೆ ಬಿಟ್ಟು ಏಳುವಷ್ಟರಲ್ಲಿ ಇವರ ಊಟ ಮುಗಿದಿರುತ್ತಿತ್ತು. ಅತ್ತೆಯದು ಎಲ್ಲರದ್ದೂ ಆದ ಮೇಲೆ, ಒಲೆ ಮುಂದೆ.

ತಿಂಗಳಾಯಿತು. ತೂಕದ ಮಿಷಿನ್ ಹತ್ತಿದರೆ ಇವರದು ಅದೇ ಎಂಬತ್ನಾಲ್ಕು ಕೆಜಿ! ನನಗೆ ಉರಿದುಹೋಯಿತು.

"ಬಂಗಾರಪೇಟೇಲಿ ದಿನಾ ಪಾನಿಪುರಿ ನಡೀತಿದೆ ಅನ್ನಿ!"

"ನಿನ್ನಾಣೆ, ಮನೇದ್ ಬಿಟ್ಟು ಏನೂ ಮುಟ್ಟಿಲ್ಲ," ಎಂದರು ಸಪ್ಪೆ ಮುಖ ಮಾಡಿಕೊಂಡು.

"ಮಿಷಿನ್ನೇ ಕೆಟ್ಟೋಗೈತೆ, ಅವ್ನ್ಯಾಕ್ ಬೈತೀಯ?" ಎನ್ನುತ್ತಾ ಅತ್ತೆ ತಾವೇ ಹತ್ತಿ ನಿಂತರು.

ನಲವತ್ತೆಂಟು. ಮಿಷಿನ್ ತಂದ ದಿನ ತಮಾಷೆಗೆ ಹತ್ತಿದಾಗ ಐವತ್ತೆರಡಿದ್ದರು.

"ಅತ್ತೆ, ನೀವೇನು ಉಣ್ತಿದ್ದೀರಿ?"

"ನೀನ್ ಒಂದೇ ಅಂದೆ, ನಾನ್ ಒಂದೇ ಕೊಟ್ಟೆ," ಎಂದರು ನೆಲ ನೋಡುತ್ತಾ. "ಅವ್ನ್ದು ಒಂಚೂರು ದಪ್ಪ ಕಟ್ತಿದ್ದೆ. ದುಡ್ಯೋ ಮೈ. ನಂಗೆ ಪಾತ್ರೆ ತಳ ಕೆರೆದಿದ್ದೇ ಸಾಕು."

ಇವರ ಮೈಯಿಂದ ಇಳಿಯಬೇಕಾದದ್ದು ಆ ಒಣಕಲು ಮೈಯಿಂದ ಇಳಿದಿತ್ತು. "ಅಮ್ಮಾ, ನಾನೇನ್ ಕೂಸಾ?" ಎಂದ ಇವರ ದನಿ ಒಡೆದಿತ್ತು. ನನಗೂ ಅಳು ಬಂತು, ಸಿಟ್ಟೂ ಬಂತು.

ಅತ್ತೆಯನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ. ದಿನವೂ ಅವರಿಗೆ ಎರಡು ಹಸು, ಹೊರೆ ಹುಲ್ಲು, ಡೇರಿಗೆ ಹಾಲು. 'ಮೈಮುರಿದು ದುಡಿಯುವವರು' ಎಂಬುದನ್ನು ಒತ್ತಿದೆ.

"ನಿಮಗೂ ಹೆಚ್ಚೂಕಮ್ಮಿ ಮಗನಷ್ಟೇ ಬೇಕಂತೆ ಅತ್ತೆ!"

"ನಿನ್ ಫೋನಿಗೆ ತಲೆ ಕೆಟ್ಟೈತೆ," ಎಂದು ನಕ್ಕರು.

ಆ ಮಧ್ಯಾಹ್ನ ಮುದ್ದೆ ಕಟ್ಟಿದ್ದು ನಾನು. ಅತ್ತೆಯ ಕೈ ಹಿಡಿದು ನಮ್ಮ ಜೊತೆಗೇ ಕೂರಿಸಿಕೊಂಡೆ. ಎರಡು ತುತ್ತು ತಿಂದರೋ ಇಲ್ಲವೋ, ಮುದ್ದೆಯಿಂದ ಒಂದು ಚೂರು ಮುರಿದರು.

"ಅತ್ತೇ!" ಎಂದು ಗದರಿದೆ.

ಆ ಚೂರು ಬಂದು ಬಿದ್ದದ್ದು ನನ್ನ ತಟ್ಟೆಗೆ.

"ಎಲ್ರುನ್ನೂ ಅಳ್ದೆ. ನಿಂಗೆಷ್ಟ್ ಬೇಕು ಅಂತ ಯಾರಾನ ನೋಡಿದ್ರಾ?" ಎಂದವರು, ನನ್ನ ಕುತ್ತಿಗೆಯ ಟೇಪನ್ನು ಎಡಗೈಯಲ್ಲಿ ಎಳೆದು ಮಗನ ಮಡಿಲಿಗೆ ಹಾಕಿದರು. "ಉಂಡಾದ್ಮೇಲೆ ಇವ್ಳ್ನೂ ಅಳ್ದು ನೋಡೋ."